ಹೊಳೆಯ ತುದಿಯ ಕಡಲು

2017ರ ದೀಪಾವಳಿಗೆ ಮುಂಚೆ ಒಂದು ದಿನ ತರಗತಿಯಲ್ಲಿ ಮಹಾಕಾವ್ಯದ ಹದಿನೆಂಟು ವರ್ಣನೆಗಳನ್ನು ಪಾಠ ಹೇಳುತ್ತಿದ್ದೆ. ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ ಎಂದು ದಂಡಿ ಕೊಟ್ಟ ಪಟ್ಟಿಯನ್ನು ನಮ್ಮ ಕವಿಗಳು ಹೇಗೆ ಪಾಲಿಸಿದರು, ಎಲ್ಲಿ ಮೀರಿದರು ಎಂಬುದು ಪ್ರತಿವರ್ಷವೂ ಹೇಳುವ ಮಾತು. ಚಂದ್ರ ಮೂಡಿದೊಡನೆ ಕಡಲು ಉಕ್ಕುವುದು ಇದರಲ್ಲಿ ಬಲು ಹಳೆಯ ಸಂಪ್ರದಾಯ. ಮಗನ ಮುಖ ಕಂಡ ತಂದೆಯಂತೆ, ನಲ್ಲೆಯನ್ನು ಕಂಡ ನಲ್ಲನಂತೆ ಎಂದು ಉಪಮೆಗಳು ಬೇರೆಯಾಗುತ್ತವೆ, ಉಕ್ಕುವುದು ಮಾತ್ರ ತಪ್ಪದು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ: "ಸರ, ಇದು ಖರೇನೋ, ಬರೇ ಕವಿಗೋಳ ಮಾತೋ?"

ನಾನು ಉತ್ತರ ಹೇಳುವ ಮೊದಲೇ ಕುಷ್ಟಗಿ ಕಡೆಯ ಇನ್ನೊಬ್ಬ ಎದ್ದು ನಿಂತ. "ಖರೇ ಐತಿ ಸರ. ನಮ್ಮಪ್ಪ ಮಲ್ಪೆದಾಗ ಬೋಟಿನ ಮ್ಯಾಲೆ ಕೆಲಸಕ್ಕದಾನ. ಅಮಾಸಿ ಹುಣ್ಣಿವಿಗೆ ನೀರು ದಕ್ಕಿ ಮಟಾ ಬರತೈತಂತ. ಅಷ್ಟಮಿ ದಿನ ಅಷ್ಟು ಬರಂಗಿಲ್ಲಂತ."

ಇಪ್ಪತ್ತು ವರ್ಷ ಕಾವ್ಯದಲ್ಲಿ ಕಡಲನ್ನು ಓದಿದ ನನಗೆ ಅಷ್ಟಮಿಯ ಮಾತು ಹೊಳೆದಿರಲಿಲ್ಲ. ಕಡಲು ಚಂದ್ರನಿಗೆ ಉಕ್ಕುತ್ತದೆ ಎಂದು ಗೊತ್ತಿತ್ತು. ಯಾವ ದಿನ ಎಷ್ಟು ಎಂದು ಗೊತ್ತಿರಲಿಲ್ಲ. ಗೊತ್ತಿರಬೇಕಾದ ಕಾರಣವೂ ಇರಲಿಲ್ಲವೆನ್ನಿ. ನಮ್ಮದು ಒಳನಾಡು. ಕವಿರಾಜಮಾರ್ಗಕಾರ ಕನ್ನಡದ ತಿರುಳು ಯಾವುದೆಂದು ಹೇಳುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ನಮ್ಮ ಕೊಪಣವೂ ಒಂದು. ಆತ ನಾಡಿಗೆ ಎಲ್ಲೆ ಹೇಳಿದ್ದು ಕಾವೇರಿ ಗೋದಾವರಿ ಎಂಬ ಎರಡು ನದಿಗಳಿಂದ, ಕಡಲಿನಿಂದಲ್ಲ. ಕೊಪ್ಪಳ, ಯಲಬುರ್ಗಿ, ಕುಷ್ಟಗಿಗಳಲ್ಲಿ ನೀರಿನ ಚಿಂತೆ ಎಂದರೆ ಬಾರದ ನೀರಿನ ಚಿಂತೆ. ನಾನು ಮೊದಲ ಸಲ ಕಡಲನ್ನು ಕಂಡದ್ದು ಎಂ.ಎ. ಓದುವಾಗ, ಗೋಕರ್ಣದಲ್ಲಿ. ಬೆಳಿಗ್ಗೆ ಬಂಡೆಯ ಮೇಲೆ ಇಟ್ಟ ಚಪ್ಪಲಿ ಮಧ್ಯಾಹ್ನ ಇರಲಿಲ್ಲ. ಯಾರೋ ಕದ್ದರೆಂದು ನಾವು ಗೆಳೆಯರೆಲ್ಲ ಒಮ್ಮತದಿಂದ ತೀರ್ಮಾನಿಸಿದೆವು.

ನಮ್ಮ ಈ ಅಜ್ಞಾನಕ್ಕೆ ದೊಡ್ಡವರ ಜೊತೆಯೂ ಇದೆ. ಕ್ರಿಸ್ತಪೂರ್ವ 325ರಲ್ಲಿ ಅಲೆಗ್ಸಾಂಡರನ ನೌಕೆಗಳು ಸಿಂಧೂನದಿಯ ಮುಖಕ್ಕೆ ಬಂದಾಗ ನೀರು ಒಮ್ಮೆಗೇ ಹಿಂದೆ ಸರಿದು ಹಡಗುಗಳು ಕೆಸರಿನಲ್ಲಿ ಕೂತವು. ಕೆಲವು ಗಂಟೆಗಳ ಬಳಿಕ ಅದೇ ನೀರು ಏರಿಬಂದು ಕೆಲವನ್ನು ಒಡೆದು ಹಾಕಿತು. ಉಬ್ಬರವಿಳಿತ ಬಹಳ ಸಣ್ಣದಾದ ಭೂಮಧ್ಯ ಸಮುದ್ರದವರು ಅವರು. ಅವರ ಭಾಷೆಯವನೇ ಆದ ಇನ್ನೊಬ್ಬ ನಾವಿಕ ನಾಲ್ಕು ನೂರು ವರ್ಷಗಳ ಅನಂತರ ಬರೆದ 'ಪೆರಿಪ್ಲಸ್' ಎಂಬ ಗ್ರಂಥದಲ್ಲಿ ಭರುಕಚ್ಛದ ಹೊಳೆಯಲ್ಲಿ ಅಮಾವಾಸ್ಯೆಯ ಉಬ್ಬರ ಹೇಗೆ ಭೋರ್ಗರೆದು ನುಗ್ಗುತ್ತದೆ ಎಂದು ಎಚ್ಚರಿಕೆ ಹೇಳಿದ್ದಾನೆ. ಪೆಟ್ಟು ತಿಂದವರು ಕಲಿತಿದ್ದರು. ನಮ್ಮ ವಿಷ್ಣುಪುರಾಣವು ಶುಕ್ಲ ಕೃಷ್ಣ ಪಕ್ಷಗಳಿಗೆ ತಕ್ಕಂತೆ ಸಮುದ್ರದ ನೀರು ಏರಿ ಇಳಿಯುವ ಪ್ರಮಾಣವನ್ನು ಐದುನೂರ ಹತ್ತು ಅಂಗುಲ ಎಂದು ಲೆಕ್ಕ ಕೊಡುತ್ತದೆ. ಅಂಗುಲಕ್ಕೆ ಮುಕ್ಕಾಲು ಇಂಚು ಹಿಡಿದರೆ ಮೂವತ್ತು ಅಡಿಗೆ ಮೀರುತ್ತದೆ. ಉತ್ಪ್ರೇಕ್ಷೆ ಎಂದು ನಗುವ ಹಾಗಿಲ್ಲ. ಖಂಭಾತದ ಕೊಲ್ಲಿಯಲ್ಲಿ ಹತ್ತಿರ ಹತ್ತಿರ ಅಷ್ಟು ಏರುವುದುಂಟು. ಆ ಶ್ಲೋಕದ ಹಿಂದೆ ಆ ಕಡಲನ್ನು ಕಣ್ಣಾರೆ ಕಂಡು ಅಳೆದವನೊಬ್ಬ ಇದ್ದಿರಬೇಕೆಂದು ನನ್ನ ಊಹೆ.

ವಿಷಯವಿಷ್ಟೆ. ಚಂದ್ರನ ಸೆಳೆತಕ್ಕೆ ಕಡಲು ಉಬ್ಬುತ್ತದೆ. ಸೂರ್ಯನೂ ಸೆಳೆಯುತ್ತಾನೆ, ಆದರೆ ದೂರದವನಾದುದರಿಂದ ಅವನ ಬಲ ಚಂದ್ರನದರ ಅರ್ಧಕ್ಕೂ ಕಡಿಮೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಇಬ್ಬರೂ ಒಂದೇ ಗೆರೆಯಲ್ಲಿ ನಿಂತು ಎಳೆಯುವುದರಿಂದ ಉಬ್ಬರ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಹೊತ್ತಿಗೆ ಒಬ್ಬ ಉದ್ದಕ್ಕೆ ಎಳೆದರೆ ಇನ್ನೊಬ್ಬ ಅಡ್ಡಕ್ಕೆ ಎಳೆಯುತ್ತಾನೆ, ಉಬ್ಬರ ಸಣ್ಣದಾಗುತ್ತದೆ. ಕಡಲು ಭಾರವಾದ ಪದಾರ್ಥ. ಹೇಳಿದ ಕೂಡಲೆ ಏಳುವುದಿಲ್ಲ. ಆದ್ದರಿಂದ ಅತಿ ದೊಡ್ಡ ಉಬ್ಬರ ಹುಣ್ಣಿಮೆಯ ದಿನವೇ ಬರದೆ ಒಂದೆರಡು ದಿನ ತಡವಾಗಿ ಬರುವುದೇ ಹೆಚ್ಚು. ಇದನ್ನು ಲೆಕ್ಕಕ್ಕೆ ಕೂಡಿಸಿದವನು 1687ರಲ್ಲಿ ನ್ಯೂಟನ್. ಆದರೆ ಮಲ್ಪೆಯ ಬೋಟಿನವರಾಗಲಿ, ಅಘನಾಶಿನಿಯ ಅಳಿವೆಯಲ್ಲಿ ಗಜನಿ ಗದ್ದೆಗೆ ಕಟ್ಟೆ ಹಾಕಿ ಉಪ್ಪುನೀರನ್ನು ತಡೆದು ಕಗ್ಗದ ಭತ್ತ ಬೆಳೆದವರಾಗಲಿ ನ್ಯೂಟನ್ನನಿಗಾಗಿ ಕಾದು ಕೂಡಲಿಲ್ಲ. ಕಟ್ಟೆಯ ಬಾಗಿಲ ಹಲಗೆಯನ್ನು ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು ಎಂಬುದು ತಿಥಿಯಿಂದಲೇ ಅವರಿಗೆ ಗೊತ್ತಾಗುತ್ತಿತ್ತು.

ಕಡಲು ನಮಗೆ ದೂರ ಎಂದೆ. ಆ ಮಾತನ್ನು ಸ್ವಲ್ಪ ತಿದ್ದಬೇಕು. ತುಂಗೆಯೂ ಭದ್ರೆಯೂ ಹುಟ್ಟುವುದು ವರಾಹಪರ್ವತದ ಗಂಗಾಮೂಲದಲ್ಲಿ, ಪಶ್ಚಿಮ ಸಮುದ್ರ ಕೂಗಳತೆಯಲ್ಲಿದೆ ಎನ್ನುವಷ್ಟು ಹತ್ತಿರ. ಅಲ್ಲಿಂದ ಆ ಕಡಲಿಗೆ ಬೆನ್ನು ಮಾಡಿ ಹೊರಟ ನೀರು ಕೂಡಲಿಯಲ್ಲಿ ಒಂದಾಗಿ, ಮುನಿರಾಬಾದಿನ ಅಣೆಕಟ್ಟಿನಲ್ಲಿ ನಿಂತು, ಆನೆಗೊಂದಿಯ ಬಂಡೆಗಳ ನಡುವೆ ಹಾದು, ಆಲಂಪುರದ ಕೆಳಗೆ ಕೃಷ್ಣೆಯನ್ನು ಕೂಡುತ್ತದೆ. ಕೃಷ್ಣೆ ಕಡಲಿಗೆ ಸ್ವಲ್ಪ ಮೊದಲು ಅವನಿಗಡ್ಡೆಯ ಹತ್ತಿರ ಪುಲಿಗಡ್ಡೆಯಲ್ಲಿ ಕವಲೊಡೆಯುತ್ತದೆ. ಆ ಕವಲುಗಳ ನಡುವಿನ ತಗ್ಗು ನೆಲಕ್ಕೆ ದಿವಿಸೀಮೆ ಎಂದು ಹೆಸರು. ಒಂದು ಕವಲು ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಗಂಗಾವತಿಯ ಹೊಳೆಯಲ್ಲಿ ಬಿಟ್ಟ ದೊನ್ನೆಯ ದೀಪ ಆರದೆ ಹೋದರೆ ತಲುಪುವ ಊರು ಅದು.

ಹೊಳೆ ಹೋದ ದಾರಿಯಲ್ಲಿಯೇ ಜನರು ಹಿಂದಕ್ಕೆ ಬಂದರು. 1953ರಲ್ಲಿ ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟಮೇಲೆ ಕೃಷ್ಣಾ ಗೋದಾವರಿ ಜಿಲ್ಲೆಗಳ ರೈತರು ಗಂಗಾವತಿ, ಕಾರಟಗಿ, ಸಿಂಧನೂರುಗಳ ಕಡೆ ಬಂದು ಜಮೀನು ಕೊಂಡು ಭತ್ತ ಬೆಳೆದರು. ಅವರು ನೆಲೆಸಿದ ಊರುಗಳಿಗೆ ಇವತ್ತಿಗೂ ಕ್ಯಾಂಪು ಎಂದೇ ಹೆಸರು. ನಮ್ಮವರಿಗೆ ಮೊದಮೊದಲು ಅವರ ಮೇಲೆ ಸಿಟ್ಟೂ ಇತ್ತು, ಅವರ ಬೆಳೆಯನ್ನು ನೋಡಿ ಬೆರಗೂ ಇತ್ತು. ಅಂಥದೊಂದು ಕ್ಯಾಂಪಿನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜ ಇದ್ದಾರೆ. ದಿವಿಸೀಮೆಯಿಂದ ಹರೆಯದಲ್ಲಿ ಬಂದವರು. ಅವರ ಮನೆಗೆ ಊಟಕ್ಕೆ ಹೋದಾಗ ಮಾತು ಕಡಲಿನ ಕಡೆಗೆ ತಿರುಗಿತು. ತೆಲುಗು ಬೆರೆತ ಕನ್ನಡದಲ್ಲಿ ಅವರು 1977ರ ಉಪ್ಪೆನೆಯ ಕಥೆ ಹೇಳಿದರು. ಬಿರುಗಾಳಿಯೊಡನೆ ಏರಿಬರುವ ಕಡಲಿಗೆ ಅವರ ಕಡೆ ಉಪ್ಪೆನ ಎನ್ನುತ್ತಾರೆ. ನಮ್ಮಲ್ಲಿ ಅಂಥ ಒಂದು ಪದವಿಲ್ಲ, ಬೇಕಾಗಿ ಬಂದಿಲ್ಲ.

ಆ ವರ್ಷ ನವೆಂಬರ್ 19, ಶನಿವಾರ. ಗಾಳಿ ಹಿಂದಿನ ದಿನವೇ ಎದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಚಂಡಮಾರುತ ನೆಲ ಮುಟ್ಟಿತು. ಅದರ ಮುಂದೆ ಸುಮಾರು ಐದು ಮೀಟರು, ಎಂದರೆ ಎರಡಾಳಿಗೂ ಮಿಗಿಲಾದ ನೀರು ದಿವಿಸೀಮೆಯ ಮೇಲೆ ಹಾಯಿತು. ಹತ್ತು ಮೈಲಿಯ ಹತ್ತಿರ ಒಳನುಗ್ಗಿತು. ಸೊರ್ಲಗೊಂದಿ, ಪಾಲಕಾಯತಿಪ್ಪಗಳಂಥ ಊರುಗಳು ಅಳಿಸಿಹೋದವು. ಸತ್ತವರು ಸರಕಾರದ ಲೆಕ್ಕದಲ್ಲಿಯೇ ಸುಮಾರು ಹತ್ತು ಸಾವಿರ. ಅದಕ್ಕಿಂತ ಹೆಚ್ಚೆನ್ನುವವರೇ ಬಹಳ. ಗಂಗಾವತಿಯಿಂದ ಬಸ್ಸು ರೈಲು ಹಿಡಿದು, ಕಡೆಯ ದಾರಿಯನ್ನು ನಡೆದು ಈ ಯಜಮಾನರು ಅಕ್ಕನ ಊರಿಗೆ ಹೋದಾಗ ಮನೆಯನ್ನು ಗುರುತಿಸುವುದಕ್ಕೆ ಉಳಿದಿದ್ದುದು ಬಾವಿಯ ಕಟ್ಟೆ ಮಾತ್ರ. ಅಕ್ಕನ ಇಬ್ಬರು ಮಕ್ಕಳು ತಾಳೆಮರ ಹಿಡಿದು ಬದುಕಿದ್ದರು. ಅವರಲ್ಲಿ ಒಬ್ಬನನ್ನು ಇವರೇ ಕ್ಯಾಂಪಿಗೆ ಕರೆತಂದು ಸಾಕಿದರು. ಆತ ಅಲ್ಲಿಯೇ ಕುಳಿತಿದ್ದ. ತನ್ನ ಕಥೆಯನ್ನು ಮಾವನ ಬಾಯಲ್ಲಿ ಕೇಳುತ್ತ ನಮಗೆಲ್ಲ ಮಜ್ಜಿಗೆ ಬಡಿಸಿದ.

"ಆವತ್ತು ಅಮಾವಾಸ್ಯೆ ಇರಲಿಲ್ಲ ಸರ" ಎಂದರು ಯಜಮಾನರು. "ಇದ್ದಿದ್ದರೆ ಈ ಇಬ್ಬರೂ ಉಳಿಯುತ್ತಿರಲಿಲ್ಲ. ನಮ್ಮ ತಾತನ ಕಾಲದ ಉಪ್ಪೆನ ದೀಪಾವಳಿಯಲ್ಲಿ ಬಂದಿತ್ತಂತೆ. ಆಗ ಯಾರೂ ಉಳಿಯಲಿಲ್ಲ."

ನಾನು ಮನೆಗೆ ಬಂದು ಲೆಕ್ಕ ಹಾಕಿದೆ. ಕನ್ನಡದ ಮೇಷ್ಟರು ಗಣಿತಕ್ಕೆ ಕೂತರೆ ಮನೆಯವರಿಗೆ ತಮಾಷೆ. ಆದರೆ ಇಪ್ಪತ್ತೊಂಬತ್ತೂವರೆ ದಿನದ ಚಾಂದ್ರಮಾಸವನ್ನು ಹಿಂದಕ್ಕೆ ಎಣಿಸುತ್ತ ಹೋಗುವುದು ಕಷ್ಟವೇನಲ್ಲ. 1977ರ ದೀಪಾವಳಿಯ ಅಮಾವಾಸ್ಯೆ ನವೆಂಬರ್ 11. ಹತ್ತೊಂಬತ್ತನೆಯ ತಾರೀಖು ಪಿಂಗಳ ಸಂವತ್ಸರದ ಕಾರ್ತಿಕ ಶುದ್ಧ ನವಮಿ, ಅಷ್ಟಮಿಯ ಮರುದಿನ. ತಿಂಗಳಲ್ಲಿಯೇ ಉಬ್ಬರ ಅತಿ ಸಣ್ಣದಾಗಿರುವ ಸಮಯ. ಯಜಮಾನರ ನೆನಪು ಸರಿಯಾಗಿತ್ತು.

ಹಾಗಾದರೆ ದೀಪಾವಳಿಯದು ಯಾವುದು? ಅದು 1864, ರಕ್ತಾಕ್ಷಿ ಸಂವತ್ಸರ. ಹೆಸರೇ ಹಾಗಿದೆ. ಆ ವರ್ಷ ಅಕ್ಟೋಬರ್ 5ರಂದು ಕಲ್ಕತ್ತೆಯ ಮೇಲೆ ಒಂದು ಚಂಡಮಾರುತ ಬಂದು ಹೂಗ್ಲಿಯಲ್ಲಿ ಕಡಲನ್ನೇ ಏರಿಸಿ ಅರುವತ್ತು ಸಾವಿರದಷ್ಟು ಜನರನ್ನು ಕೊಂದಿತ್ತು. ತಿಂಗಳು ತುಂಬುವುದರೊಳಗೆ, ನವೆಂಬರ್ 1ರ ರಾತ್ರಿ, ಇನ್ನೊಂದು ಚಂಡಮಾರುತ ಮಚಲೀಪಟ್ಟಣಕ್ಕೆ ಬಂದಿತು. ಒಂದು ಕಾಲದಲ್ಲಿ ಗೋಲ್ಕೊಂಡೆಯ ಸಿರಿಗೆ ಬಾಗಿಲಾಗಿದ್ದು, ಡಚ್ಚರೂ ಇಂಗ್ಲಿಷರೂ ಕೋಠಿ ಹಾಕಿಕೊಂಡಿದ್ದ ಬಂದರು ಅದು. ರಾತ್ರಿಯ ಕತ್ತಲಲ್ಲಿ ನೀರು ಊರನ್ನು ಮುಳುಗಿಸಿ ಸುತ್ತಲಿನ ಹಳ್ಳಿಗಳ ಮೇಲೆ ಹರಿಯಿತು. ಸತ್ತವರು ಮೂವತ್ತು ಸಾವಿರವೆಂದು ಆಗಿನವರು ಅಂದಾಜು ಮಾಡಿದರು. ತಿಥಿಯನ್ನು ಎಣಿಸಿ ನೋಡಿದರೆ ಆಶ್ವಯುಜ ಬಹುಳ ಅಮಾವಾಸ್ಯೆ ಕಳೆದು ಒಂದೆರಡು ದಿನ. ಉಬ್ಬರ ಅತಿ ದೊಡ್ಡದಾಗಿರುವ ದಿನವೇ. ದಿವಿಸೀಮೆ ಅಲ್ಲಿಗೆ ಪಕ್ಕದ ನೆಲ. ನೂರಹದಿಮೂರು ವರ್ಷಗಳ ಅಂತರದಲ್ಲಿ ಒಂದೇ ಕರಾವಳಿಗೆ ಎರಡು ಬಿರುಗಾಳಿ: ಒಂದಕ್ಕೆ ಚಂದ್ರನ ನೆರವು ಸಿಕ್ಕಿತ್ತು, ಇನ್ನೊಂದಕ್ಕೆ ಸಿಕ್ಕಿರಲಿಲ್ಲ.

ಇಲ್ಲಿ ಅವಸರದ ತೀರ್ಮಾನಕ್ಕೆ ಬರಬಾರದು. ಎರಡು ಗಾಳಿಗಳ ಬಲವೂ ಒಂದೇ ಅಲ್ಲ, ಒಂದು ಬಂದದ್ದು ರಾತ್ರಿ, ಒಂದು ಹಗಲು. ಸಾವಿನ ವ್ಯತ್ಯಾಸವನ್ನೆಲ್ಲ ಚಂದ್ರನ ಲೆಕ್ಕಕ್ಕೆ ಬರೆಯುವುದು ಜ್ಯೋತಿಷ್ಯವಾದೀತು. ಬಿರುಗಾಳಿಯ ನೀರು ಏರುವುದಕ್ಕೆ ಅದರದೇ ಕಾರಣಗಳಿವೆ. ಚಂಡಮಾರುತದ ನಡುವೆ ಗಾಳಿಯ ಒತ್ತಡ ಕುಗ್ಗಿರುತ್ತದೆ. ಒತ್ತಡದ ಅಳತೆಯಲ್ಲಿ ಒಂದು ಮಿಲಿಬಾರು ಇಳಿದರೆ ಕಡಲು ಒಂದು ಸೆಂಟಿಮೀಟರು ಏರುತ್ತದೆ. ಬಲವಾದ ಗಾಳಿಯಲ್ಲಿ ಇದರಿಂದಲೇ ಅರ್ಧ ಮೀಟರಿಗೆ ಮೇಲೆ ಏರಬಹುದು. ಉಳಿದದ್ದೆಲ್ಲ ಗಾಳಿ ದಬ್ಬಿ ತಂದ ನೀರು. ಕಡಲು ಆಳವಾಗಿದ್ದರೆ ದಬ್ಬಿದ ನೀರು ಕೆಳಗಿನಿಂದ ಹಿಂದಕ್ಕೆ ಹರಿದುಹೋಗುತ್ತದೆ. ತಳ ಮೇಲಿದ್ದರೆ ಹೋಗಲು ದಾರಿಯಿಲ್ಲದೆ ಗೋಡೆಯಾಗಿ ನೆಲಕ್ಕೆ ಹತ್ತುತ್ತದೆ. ನದಿಗಳು ಸಾವಿರಾರು ವರ್ಷ ಹೂಳು ಸುರಿದು ತಳವನ್ನು ಮೇಲೆತ್ತಿದ ಬಂಗಾಳ ಕೊಲ್ಲಿಯ ಅಂಚಿನಲ್ಲಿ ಆಗುವುದು ಇದೇ. ಮಚಲೀಪಟ್ಟಣದ ಕಡೆ ದೊಡ್ಡ ಉಬ್ಬರಕ್ಕೂ ಅಷ್ಟಮಿಯ ಉಬ್ಬರಕ್ಕೂ ಇರುವ ಅಂತರ ಒಂದೆರಡು ಅಡಿ. ಐದು ಮೀಟರಿನ ಗೋಡೆಯ ಮುಂದೆ ಒಂದೆರಡು ಅಡಿ ಏನು ಎಂದು ನಮ್ಮ ಗುಡ್ಡಗಾಡಿನವರು ಕೇಳಬಹುದು. ದಿವಿಸೀಮೆಯಂಥ ಅಂಗೈ ನೆಲದಲ್ಲಿ ಒಂದು ಅಡಿ ನೀರು ಎಂದರೆ ಒಂದೆರಡು ಮೈಲಿ ಒಳನಾಡು. ತಾಳೆಮರದಲ್ಲಿ ಕುಳಿತವನಿಗೆ ಅದು ಕಾಲ ಕೆಳಗಿನ ನೀರೋ ಎದೆಯ ಮಟ್ಟದ ನೀರೋ ಎಂಬ ಪ್ರಶ್ನೆ.

ಕೊಲ್ಲಿಯ ಶಿರೋಭಾಗದಲ್ಲಿ, ಗಂಗೆಯ ಮುಖದಲ್ಲಿ, ಉಬ್ಬರವೇ ಇಲ್ಲಿಯದರ ಎರಡು ಮೂರು ಪಟ್ಟು. ಅಲ್ಲಿ ಚಂದ್ರನ ಪಾಲು ಸಣ್ಣದಲ್ಲ. 1876ರ ಅಕ್ಟೋಬರ್ 31ರ ರಾತ್ರಿ ಬಾಕರಗಂಜಿನ ಮೇಲೆ ಬಂದ ಕಡಲು, ಅದರ ಬೆನ್ನಿಗೆ ಬಂದ ಕಾಲರಾ ಎರಡೂ ಸೇರಿ ಎರಡು ಲಕ್ಷದಷ್ಟು ಜನರನ್ನು ಒಯ್ದವು. ಧಾತು ಸಂವತ್ಸರ ಅದು. ಅದೇ ತಿಂಗಳುಗಳಲ್ಲಿ ನಮ್ಮ ಬಯಲುಸೀಮೆ ಮಹಾಕ್ಷಾಮದ ಬಾಯಿಗೆ ಬೀಳುತ್ತಿತ್ತು. ಹನಿ ನೀರಿಲ್ಲದೆ ಇಲ್ಲಿ, ನೀರೇ ಆಗಿ ಅಲ್ಲಿ. 1970ರ ನವೆಂಬರ್ 12ರ ರಾತ್ರಿ ಭೋಲಾ ದ್ವೀಪದ ಸುತ್ತ ಮೂರರಿಂದ ಐದು ಲಕ್ಷ ಜನ ಸತ್ತರು. ದಾಖಲೆಗೆ ಬಂದ ಚಂಡಮಾರುತಗಳಲ್ಲಿ ಅಷ್ಟು ಕೊಂದದ್ದು ಇನ್ನೊಂದಿಲ್ಲ. ಗಾಳಿ ಬಂದ ಗಳಿಗೆ ಉಬ್ಬರದ ಗಳಿಗೆಯೇ ಆಗಿತ್ತು. ಈ ಎರಡರ ತಿಥಿಯನ್ನೂ ಎಣಿಸಿದಾಗ ನಾನು ಪೆನ್ನು ಕೆಳಗಿಟ್ಟೆ. ಎರಡೂ ಕಾರ್ತಿಕದ ಹುಣ್ಣಿಮೆ, ನಮ್ಮ ಗೌರಿ ಹುಣ್ಣಿಮೆ. ಸಕ್ಕರೆ ಗೊಂಬೆಯ ಆರತಿ ಹಿಡಿದು ಹೆಣ್ಣುಮಕ್ಕಳು ಗುಡಿಗೆ ಹೋಗುವ ಸಂಜೆ. 1970ರಲ್ಲಿ ನನ್ನ ತಾಯಿಗೆ ಹತ್ತು ವರ್ಷ. ಯಲಬುರ್ಗಿಯ ಓಣಿಯಲ್ಲಿ ಆರತಿ ತಟ್ಟೆ ಹಿಡಿದು ಹೋದ ನೆನಪು ಅವಳಿಗಿದೆ. "ಬೆಳದಿಂಗಳು ಹಾಲು ಚೆಲ್ಲಿದಂಗಿತ್ತು" ಎಂದಳು. ಭೋಲಾದ ವಿಷಯ ಅವಳಿಗೆ ನಾನು ಹೇಳಲಿಲ್ಲ.

ಗಾಳಿ ಪಂಚಾಂಗ ನೋಡಿ ಹೊರಡುವುದಿಲ್ಲ. ಆದರೆ ಅದು ಬಂದು ತಲುಪುವ ದಿನ, ತಲುಪುವ ಗಂಟೆ ಕಡಲು ಎಷ್ಟೆತ್ತರದಲ್ಲಿ ನಿಂತಿರುತ್ತದೆ ಎಂಬುದು ವರ್ಷ ಮೊದಲೇ ಗೊತ್ತಿರುವ ಸಂಗತಿ. ಇದನ್ನು ಗಂಭೀರವಾಗಿ ತೆಗೆದುಕೊಂಡವರು ಡಚ್ಚರು. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರದ ಬಿರುಗಾಳಿ ಹುಣ್ಣಿಮೆಯ ಮರುದಿನದ ಉಬ್ಬರದ ಮೇಲೆ ಸವಾರಿ ಮಾಡಿ ಅವರ ಕಟ್ಟೆಗಳನ್ನು ಒಡೆದು 1,836 ಜನರನ್ನು ಮುಳುಗಿಸಿತು. ಇಂಗ್ಲೆಂಡಿನಲ್ಲಿ 307 ಮಂದಿ ಸತ್ತರು. ನಮ್ಮ ಕಾಲುವೆಗೆ ನೀರು ಬಂದ ವರ್ಷವೇ ಅದು. ಡಚ್ಚರು ಅನಂತರದ ದಶಕಗಳನ್ನು ಕಡಲಿಗೆ ಬಾಗಿಲು ಹಾಕುವ ಕೆಲಸದಲ್ಲಿ ಕಳೆದರು. ನಮ್ಮಲ್ಲಿ 1864ರ ಕಲ್ಕತ್ತೆಯ ಅನಾಹುತ ಮತ್ತು ಅದರ ಹಿಂದೆಯೇ ಬಂದ ಒರಿಸ್ಸದ ಬರ ಇವುಗಳ ಫಲವಾಗಿ 1875ರಲ್ಲಿ ಹವಾಮಾನ ಇಲಾಖೆ ಹುಟ್ಟಿತು. ಹೆನ್ರಿ ಬ್ಲಾನ್‌ಫರ್ಡ್ ಎಂಬಾತ ಮೊದಲ ಮುಖ್ಯಸ್ಥ. ಹುಟ್ಟಿ ನೂರೆರಡು ವರ್ಷದ ಮೇಲೆ ದಿವಿಸೀಮೆ ನಡೆಯಿತು. ಇಲಾಖೆ ಇದ್ದರೆ ಸಾಲದು, ಮಾತು ಹಳ್ಳಿಯ ಕೊನೆಯ ಗುಡಿಸಲಿಗೆ ಮುಟ್ಟಬೇಕು. ಮುಟ್ಟಿದಮೇಲೆ ಓಡಿಹೋಗಿ ಹತ್ತಲು ಒಂದು ಗಟ್ಟಿ ಮಾಳಿಗೆ ಇರಬೇಕು. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಮಹಾ ಚಂಡಮಾರುತ ಬಂದಾಗ ಹುಣ್ಣಿಮೆ ಕಳೆದು ಐದು ದಿನವಾಗಿ ಉಬ್ಬರ ಇಳಿಮುಖದಲ್ಲಿತ್ತು. ಆದರೂ ಹತ್ತು ಸಾವಿರದಷ್ಟು ಜನ ಸತ್ತರು. 2019ರ ಮೇ 3ರಂದು ಅದೇ ಒಡಿಶಾದ ಪುರಿಗೆ 'ಫನಿ' ಬಂದಿತು. ಮರುದಿನ ಅಮಾವಾಸ್ಯೆ. ಚಂದ್ರ ಈ ಸಲ ಗಾಳಿಯ ಪಕ್ಷದಲ್ಲಿದ್ದ. ಆದರೆ ಹನ್ನೆರಡು ಲಕ್ಷ ಜನರನ್ನು ಮೊದಲೇ ಎತ್ತರದ ಕಟ್ಟಡಗಳಿಗೆ ಸಾಗಿಸಿದ್ದರು. ಸತ್ತವರನ್ನು ಹತ್ತುಗಳಲ್ಲಿ ಎಣಿಸಬಹುದಾಗಿತ್ತು.

ಇನ್ನು ನಮ್ಮ ಪಶ್ಚಿಮದ ಕಡಲು. ಮೇಲೆ ಹೇಳಿದ ತರಗತಿ ಮುಗಿದು ಒಂದೂವರೆ ತಿಂಗಳಿಗೆ ಒಂದು ಭಾನುವಾರ ಆ ಕುಷ್ಟಗಿಯ ಹುಡುಗ ಮನೆಗೆ ಬಂದ. 2017ರ ಡಿಸೆಂಬರ್ 3, ಹೊಸ್ತಿಲ ಹುಣ್ಣಿಮೆ. 'ಓಖಿ' ಎಂಬ ಚಂಡಮಾರುತ ಕನ್ಯಾಕುಮಾರಿಯ ಕಡೆಯಿಂದ ತಿರುಗಿ ಅರಬ್ಬೀ ಸಮುದ್ರದಲ್ಲಿ ಉತ್ತರಕ್ಕೆ ನಡೆದಿತ್ತು. ಕೇರಳ ತಮಿಳುನಾಡುಗಳ ಮೀನುಗಾರರು ನೂರಾರು ಮಂದಿ ಕಾಣೆಯಾಗಿದ್ದರು. ಹುಡುಗನ ತಂದೆಯ ಬೋಟು ಹೋಗಿ ಐದು ದಿನವಾಗಿತ್ತು, ಫೋನು ಹತ್ತುತ್ತಿರಲಿಲ್ಲ. "ಸರ, ಇವತ್ತು ಹುಣ್ಣಿವಿ ಐತಿ" ಎಂದಷ್ಟೆ ಹೇಳಿ ಅವನು ಕೆಳಗೆ ನೋಡುತ್ತ ಕೂತ. ನನ್ನ ಹೆಂಡತಿ ಕೊಟ್ಟ ಹೋಳಿಗೆಯನ್ನು ತಿನ್ನಲಿಲ್ಲ. ಹೊಳೆಯೂ ಕಾಣದ ಊರಿನಿಂದ ಕೂಲಿಗೆಂದು ಹೋದ ಅವನ ತಂದೆಗೆ ಈಜು ಬರುತ್ತಿರಲಿಲ್ಲ.

ಗಾಳಿ ನಮ್ಮ ಕರಾವಳಿಯಿಂದ ದೂರವೇ ಹೋಯಿತು. ಆದರೂ ಅದು ಎಬ್ಬಿಸಿದ ಅಲೆಗಳು ಹುಣ್ಣಿಮೆಯ ಉಬ್ಬರದ ಮೇಲೆ ಬಂದು ಉಳ್ಳಾಲ, ಸೋಮೇಶ್ವರಗಳಲ್ಲಿ ದಂಡೆಯ ಮನೆಗಳನ್ನು ಕೊರೆದವು. ಕನ್ನಡ ಕರಾವಳಿಯ ಸ್ಥಿತಿ ಬಂಗಾಳ ಕೊಲ್ಲಿಯದಲ್ಲ ಎಂಬುದು ನಮ್ಮ ಪುಣ್ಯ. ಮಂಗಳೂರಿನಲ್ಲಿ ದೊಡ್ಡ ಉಬ್ಬರವೆಂದರೂ ಇಳಿತದಿಂದ ಒಂದೂಕಾಲು ಮೀಟರಿನಷ್ಟು. ಕಾರವಾರದಲ್ಲಿ ಸ್ವಲ್ಪ ಹೆಚ್ಚು. ಮುಂಬಯಿಯಲ್ಲಿ ನಾಲ್ಕು ಮೀಟರಿಗೆ ಮೇಲೆ. ಬಿರುಗಾಳಿಗಳು ಇಲ್ಲಿ ಸಾಮಾನ್ಯವಾಗಿ ದಂಡೆಗೆ ಸಮಾನಾಂತರವಾಗಿ ಉತ್ತರಕ್ಕೆ ಹಾದುಹೋಗುತ್ತವೆ, ನೆಲಕ್ಕೆ ಹತ್ತುವುದು ಅಪರೂಪ. ಹತ್ತದೆ ಹೋದರೂ ಕೊರೆಯುತ್ತವೆ. 2021ರ ಮೇ 15ರಂದು 'ತೌಕ್ತೆ' ಹಾದುಹೋದಾಗ ಅಮಾವಾಸ್ಯೆ ಕಳೆದು ನಾಲ್ಕು ದಿನವಾಗಿತ್ತು. ಅಷ್ಟರಲ್ಲೇ ಉಚ್ಚಿಲ, ಕಾಪು, ಮರವಂತೆಗಳಲ್ಲಿ ರಸ್ತೆ, ತೆಂಗು, ಮನೆಗಳು ಹೋದವು. ನಾಲ್ಕು ದಿನ ಮೊದಲು ಬಂದಿದ್ದರೆ ಎಂದು ಮರವಂತೆಯ ಗೆಳೆಯರೊಬ್ಬರು ಫೋನಿನಲ್ಲಿ ಅಂದದ್ದು ನೆನಪಿದೆ. ಅಲ್ಲಿ ಹೆದ್ದಾರಿಯ ಒಂದು ಪಕ್ಕಕ್ಕೆ ಕಡಲು, ಇನ್ನೊಂದು ಪಕ್ಕಕ್ಕೆ ಸೌಪರ್ಣಿಕೆ.

ಗಾಳಿಯೇ ಇಲ್ಲದೆ ಬರುವ ಕಡಲೂ ಒಂದಿದೆ. ದೂರದ ದಕ್ಷಿಣ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಪಯಣಿಸಿ, ಆಕಾಶ ತಿಳಿಯಾಗಿರುವಾಗ ಕೇರಳದ ದಂಡೆಗೆ ನುಗ್ಗುತ್ತವೆ. ದೊಡ್ಡ ಉಬ್ಬರದ ದಿನ ಬಂದರೆ ಮನೆಯೊಳಗೆ ನೀರು. ಮಲಯಾಳಿಗಳು ಇದನ್ನು ಕಳ್ಳಕ್ಕಡಲ್ ಎಂದು ಕರೆದರು. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರದ ವಿಜ್ಞಾನಿಗಳೂ ತಮ್ಮ ಎಚ್ಚರಿಕೆಗಳಲ್ಲಿ ಆ ಹೆಸರನ್ನೇ ಬಳಸುತ್ತಾರೆ. ಕನ್ನಡಿಗನಿಗೆ ಈ ಪದಕ್ಕೆ ನಿಘಂಟು ಬೇಡ. ಗೋಕರ್ಣದಲ್ಲಿ ನನ್ನ ಚಪ್ಪಲಿ ಒಯ್ದ ಕಳ್ಳ ಇಷ್ಟು ದೊಡ್ಡವನಲ್ಲದಿದ್ದರೂ ಅದೇ ಕುಲದವನು.

ಹುಡುಗನ ತಂದೆ ಬುಧವಾರ ಕಾರವಾರದಿಂದ ಫೋನು ಮಾಡಿದರು. ಬೋಟು ಆ ಬಂದರಿನಲ್ಲಿ ಆಸರೆ ಪಡೆದಿತ್ತು. ಈಗ ಆ ಹುಡುಗ ಸ್ವತಃ ಪ್ರೌಢಶಾಲೆಯಲ್ಲಿ ಮೇಷ್ಟರು. ತಂದೆ ಇನ್ನೂ ಮಲ್ಪೆಗೆ ಹೋಗುತ್ತಾರೆ. ಸಾಲ ತೀರಿದ ಮೇಲೆ ಬಿಡುತ್ತೇನೆ ಎನ್ನುತ್ತಾರೆ.

ಇಷ್ಟು ದಿನ ಗಾಳಿಯನ್ನೂ ಚಂದ್ರನನ್ನೂ ಲೆಕ್ಕ ಹಾಕಿದ ನನಗೆ ಮೂರನೆಯದೊಂದನ್ನು ಕ್ಯಾಂಪಿನ ಯಜಮಾನರೇ ತೋರಿಸಬೇಕಾಯಿತು. ಒಂದು ಬೇಸಿಗೆಯಲ್ಲಿ ಮುನಿರಾಬಾದಿನ ಜಲಾಶಯದ ನೀರು ತಳ ಕಂಡಿತ್ತು. ರೈತರು ಟ್ರ್ಯಾಕ್ಟರು ತಂದು ಹೂಳು ತುಂಬಿ ಹೊಲಗಳಿಗೆ ಸಾಗಿಸುತ್ತಿದ್ದರು. ಅವರೂ ಮೊಮ್ಮಗಳ ಜೊತೆ ನೋಡಲು ಬಂದಿದ್ದರು. ಅಣೆಕಟ್ಟು ಕಟ್ಟಿದಾಗ ಅದರಲ್ಲಿ 133 ಟಿ.ಎಂ.ಸಿ. ನೀರು ನಿಲ್ಲುತ್ತಿತ್ತು, ಅನಂತರದ ಅಳತೆಗಳಲ್ಲಿ 105ರ ಆಸುಪಾಸಿಗೆ ಇಳಿದಿದೆ. ನಡುವಿನ ಜಾಗವನ್ನೆಲ್ಲ ಹಿಡಿದಿರುವುದು ಹೂಳು. ಇದು ನಮಗೆ ನೀರಿನ ನಷ್ಟ ಎಂದು ಪ್ರತಿವರ್ಷ ಸಭೆಗಳಾಗುತ್ತವೆ, ಪತ್ರಿಕೆಗಳಲ್ಲಿ ಬರುತ್ತದೆ. ಅದು ಸರಿಯೇ. ಆದರೆ ಆ ಹೂಳು ಇಲ್ಲಿ ನಿಲ್ಲದೆ ಹೋಗಿದ್ದರೆ ಎಲ್ಲಿಗೆ ಹೋಗುತ್ತಿತ್ತು ಎಂದು ನಾವು ಯಾರೂ ಕೇಳಿಕೊಂಡಿರಲಿಲ್ಲ. ಕೃಷ್ಣೆಯ ಮುಖದ ಭೂಮಿ ಇಂಥ ಮಣ್ಣಿನಿಂದಲೇ ಆದದ್ದು. ಅಲ್ಲಿಯ ನೆಲ ತನ್ನ ಭಾರಕ್ಕೆ ತಾನೇ ಮೆಲ್ಲಮೆಲ್ಲನೆ ಕುಸಿಯುತ್ತದೆ, ವರ್ಷವರ್ಷದ ಹೊಸ ಮಣ್ಣು ಅದನ್ನು ಮತ್ತೆ ಎತ್ತುತ್ತಿತ್ತು. ನಮ್ಮ ತುಂಗಭದ್ರೆ, ಕೆಳಗೆ ಶ್ರೀಶೈಲ, ನಾಗಾರ್ಜುನಸಾಗರ ಇವೆಲ್ಲ ಆ ಮಣ್ಣನ್ನು ಹಿಡಿದುಕೊಂಡ ಮೇಲೆ ಕಡಲಿಗೆ ತಲುಪುವ ಪಾಲು ತೀರ ಕುಗ್ಗಿದೆ. ಕಡಲೋ, ಜಗತ್ತಿನಾದ್ಯಂತ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಸರಾಸರಿ ಒಂದು ಗೇಣಿನಷ್ಟು ಏರಿದೆ. ಒಂದು ಕಡೆ ನೆಲ ಇಳಿದು, ಇನ್ನೊಂದು ಕಡೆ ನೀರು ಏರಿದರೆ 1977ರ ನವಮಿಯ ಗಾಳಿಗೆ ಬೇಕಾಗಿದ್ದ ಕೆಲಸದಲ್ಲಿ ಅಷ್ಟನ್ನು ಮೊದಲೇ ಮಾಡಿಕೊಟ್ಟಂತೆ. ಅಣೆಕಟ್ಟು ಬೇಡವಾಗಿತ್ತು ಎಂದು ಗಂಗಾವತಿಯ ಅನ್ನ ಉಂಡ ನಾನು ಹೇಳಲಾರೆ. ಆ ಅನ್ನದ ಲೆಕ್ಕದಲ್ಲಿ ಹಂಸಲದೀವಿಯ ಹೆಸರಿನಲ್ಲಿ ಒಂದು ಬಾಕಿ ಇದೆ ಎಂಬುದನ್ನು ಮಾತ್ರ ಈಗ ಬಲ್ಲೆ.

ಯಜಮಾನರು ಬಗ್ಗಿ ಒಂದು ಹಿಡಿ ಹೂಳು ತೆಗೆದು ಬೆರಳಲ್ಲಿ ಉಜ್ಜಿ ನೋಡಿದರು. ಒಳ್ಳೆಯ ಮಣ್ಣು, ಭತ್ತಕ್ಕೆ ಹೇಳಿಮಾಡಿಸಿದ್ದು ಎಂದರು. ತಮ್ಮ ಅಕ್ಕನ ಮಗ ಆ ವಾರ ದಿವಿಸೀಮೆಗೆ ಹೋಗಿದ್ದಾನೆ, ಅಲ್ಲಿ ಇವರ ಪಾಲಿನ ತುಂಡು ಜಮೀನಿನ ಕಾಗದಪತ್ರದ ಕೆಲಸವಿದೆ ಎಂದರು. ರೇಡಿಯೋದಲ್ಲಿ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ಬೆಳಿಗ್ಗೆ ಹೇಳಿದ್ದರಂತೆ. ಕೈ ಒರಸಿಕೊಂಡು ನನ್ನ ಕಡೆ ತಿರುಗಿದರು.

"ಸರ, ಅಮಾವಾಸ್ಯೆ ಎಂದು?"

"ಆಚೆ ನಾಡಿದ್ದು" ಎಂದೆ. ಅವರು ಮೊಮ್ಮಗಳ ಕೈಯಿಂದ ಫೋನು ತೆಗೆದುಕೊಂಡು ನಂಬರು ಒತ್ತತೊಡಗಿದರು.